ಹೆತ್ತದ್ದೆಷ್ಟು, ಉಳಿದದ್ದೆಷ್ಟು

ಎಂಬತ್ತೊಂದರ ಜನಗಣತಿಯಲ್ಲಿ ನನ್ನ ಪಾಲಿಗೆ ಬಂದದ್ದು ತಮಿಳುನಾಡಿಗೆ ಸೇರಿದ ಡೆಂಕಣಿಕೋಟೆಯಿಂದ ನಾಲ್ಕು ಮೈಲಿ ಆಚೆ, ಕಾಡಿನ ಅಂಚಿಗೆ ಅಂಟಿಕೊಂಡಿದ್ದ ಒಂದು ಹಳ್ಳಿ. ನಾನಾಗ ಪೇಟೆಯ ಶಾಲೆಯೊಂದರ ಕನ್ನಡ ವಿಭಾಗದಲ್ಲಿ ಹತ್ತನೆಯ ತರಗತಿಗೆ ಗಣಿತ ಹೇಳಿಕೊಡುತ್ತಿದ್ದೆ. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಫೆಬ್ರವರಿ ತಿಂಗಳು, ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಶಾಲೆಯೂ ಬಿಡುವಂತಿಲ್ಲ, ಗಣತಿಯೂ ಬಿಡುವಂತಿಲ್ಲ. ಬೆಳಿಗ್ಗೆ ಆರಕ್ಕೆ ಸೈಕಲ್ ಹತ್ತಿ ಹಳ್ಳಿಗೆ ಹೋಗುತ್ತಿದ್ದೆ, ಹತ್ತಕ್ಕೆ ಶಾಲೆಯಲ್ಲಿರುತ್ತಿದ್ದೆ, ನಾಲ್ಕಕ್ಕೆ ಮತ್ತೆ ಹಳ್ಳಿ. ಹೊತ್ತು ಮುಳುಗುವ ಮೊದಲು ಅಲ್ಲಿಂದ ಹೊರಟುಬಿಡಬೇಕಿತ್ತು. ಆ ದಾರಿಯಲ್ಲಿ ಆನೆ ದಾಟುತ್ತಿದ್ದವು.

ಗಣತಿಗೆ ಮೊದಲು ತಾಲೂಕು ಕಚೇರಿಯಲ್ಲಿ ನಮಗೆ ತರಬೇತಿ ಕೊಟ್ಟಿದ್ದರು. ಮನೆಗೊಂದು ಪಟ್ಟಿ, ತಲೆಗೊಂದು ಚೀಟಿ. ಹೆಚ್ಚಿನ ಊರುಗಳಿಗೆ ಗಿಡ್ಡ ಚೀಟಿ, ಆಯ್ದ ಕೆಲವು ಊರುಗಳಿಗೆ ಮಾತ್ರ ಉದ್ದ ಚೀಟಿ. ನನ್ನ ಹಳ್ಳಿ ಉದ್ದ ಚೀಟಿಗೆ ಬಿದ್ದಿತ್ತು. ಉದ್ದ ಚೀಟಿಯಲ್ಲಿ ಮದುವೆಯಾದ ಹೆಂಗಸರಿಗೆಂದೇ ಕೆಲವು ಪ್ರಶ್ನೆಗಳು. ಮದುವೆಯಾದಾಗ ವಯಸ್ಸೆಷ್ಟು, ಈವರೆಗೆ ಜೀವಂತವಾಗಿ ಹುಟ್ಟಿದ ಮಕ್ಕಳು ಎಷ್ಟು, ಈಗ ಬದುಕಿರುವವರು ಎಷ್ಟು. ತರಬೇತಿ ಕೊಟ್ಟ ಅಧಿಕಾರಿ ತಮಿಳಿನಲ್ಲಿ ಇದನ್ನು ಎರಡು ಸಲ ಓದಿ, ಈ ಎರಡು ಕಲಮುಗಳು ಬೇರೆ ಬೇರೆ, ಒಂದನ್ನು ನೋಡಿ ಇನ್ನೊಂದನ್ನು ತುಂಬಬಾರದು ಎಂದಿದ್ದರು. ನಾವು ತಲೆಯಾಡಿಸಿದ್ದೆವು.

ಮೊದಲ ವಾರದಲ್ಲೇ ಕಷ್ಟ ಶುರುವಾಯಿತು. ಗಂಡಸರು ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲೆ ಕೂತು ಆನೆ ಕಾಯುತ್ತಿದ್ದರು. ನಾನು ಹೋಗುವ ಹೊತ್ತಿಗೆ ಒಳಗೆ ಮಲಗಿರುತ್ತಿದ್ದರು. ಹಾಗಾಗಿ ಬಾಗಿಲಿಗೆ ಬರುತ್ತಿದ್ದವರು ಹೆಂಗಸರೇ. ಹೆಸರು, ವಯಸ್ಸು, ಮನೆಮಾತು, ಎಷ್ಟು ತಿಂಗಳು ಕೂಲಿ, ಇಷ್ಟಕ್ಕೆಲ್ಲ ಸರಾಗವಾಗಿ ಉತ್ತರ ಬರುತ್ತಿತ್ತು. ಆ ಕಲಮಿಗೆ ಬರುತ್ತಿದ್ದ ಹಾಗೆ ಮಾತು ನಿಂತುಹೋಗುತ್ತಿತ್ತು. ಮದುವೆಯಾಗದ ಇಪ್ಪತ್ತಾರರ ಹುಡುಗ ನಾನು, ಅಂಗಳದಲ್ಲಿ ನಿಂತುಕೊಂಡು, ರಟ್ಟಿನ ಮೇಲೆ ಕಾಗದ ಇಟ್ಟುಕೊಂಡು, "ಈವರೆಗೆ ಜೀವಂತವಾಗಿ ಹುಟ್ಟಿದ ಮಕ್ಕಳು ಎಷ್ಟು?" ಎಂದು ಪುಸ್ತಕದ ಮಾತಿನಲ್ಲಿ ಕೇಳುತ್ತಿದ್ದೆ.

"ಜೀವಂತವಾಗಿ ಅಂದ್ರೆ ಏನು ಮೇಷ್ಟ್ರೆ?" ಎಂದು ಒಬ್ಬಾಕೆ ಕೇಳಿದಳು. ವಿವರಿಸಹೋದೆ. ಅಷ್ಟರಲ್ಲಿ ಅವಳ ಅತ್ತೆ ಒಳಗಿನಿಂದಲೇ, "ಎಲ್ಡು. ಎಲ್ಡೇ ಬರ್ಕಳಿ," ಎಂದು ಮುಗಿಸಿದರು.

ಇನ್ನೊಂದು ಮನೆಯಲ್ಲಿ ಹೆಂಗಸು ಬಾಗಿಲಿಗೆ ಅಡ್ಡ ನಿಂತು, "ಇದು ಆಪರೇಷನ್‌ಗಾ?" ಎಂದಳು. ಐದಾರು ವರ್ಷದ ಹಿಂದೆ ಹೀಗೇ ಪಟ್ಟಿ ಹಿಡಿದು ಬಂದವರು ಮಕ್ಕಳ ಲೆಕ್ಕ ಕೇಳಿದ್ದರಂತೆ. ಆಮೇಲೆ ಸಂತಾನಹರಣದ ಆಪರೇಷನ್ನಿಗೆ ಎತ್ತಿಕೊಂಡು ಹೋಗಲು ಜೀಪು ಬಂದಿತ್ತಂತೆ. ಊರಿನ ಗಂಡಸರು ಎರಡು ದಿನ ಕಾಡಿನಲ್ಲಿ ಅಡಗಿದ್ದರಂತೆ. ಇದು ಅದಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಕೇಳಿದರೆ ಹೇಳಿಬಿಡೋಣ, ತೊಲಗಲಿ ಎಂಬಂತೆ "ಮೂರು" ಎಂದಳು. ಹುಟ್ಟಿದ್ದು ಮೂರು, ಬದುಕಿದ್ದು ಮೂರು.

ಪಕ್ಕದ ಊರಿನ ಗಣತಿಗೆ ಬಿದ್ದಿದ್ದ ಮೇಷ್ಟ್ರು ನನಗಿಂತ ಹಿರಿಯರು. ಅವರನ್ನು ಕೇಳಿದೆ. "ಅದ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಬದುಕಿರೋರನ್ನ ಎಣಿಸಿ, ಎರಡೂ ಕಡೆ ಅದನ್ನೇ ಹಾಕಿ. ಹೆಣ್ಣುಮಕ್ಳ ಹತ್ರ ಅದನ್ನೆಲ್ಲಾ ಕೇಳೋಕಾಗ್ತದಾ?" ಎಂದರು. ನನಗೂ ಅದೇ ಬೇಕಾಗಿತ್ತು. ಮೂರನೆಯ ದಿನದಿಂದ ನಾನು ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದನ್ನೇ ನಿಲ್ಲಿಸಿದೆ. ಪಟ್ಟಿಯಲ್ಲಿ ಮಕ್ಕಳ ಹೆಸರು ಬರೆದುಕೊಂಡಿರುತ್ತಿದ್ದೆ. ಸೈಕಲ್ಲಿನ ಸೀಟಿನ ಮೇಲೆ ಚೀಟಿ ಇಟ್ಟುಕೊಂಡು ಎರಡೂ ಕಲಮು ತುಂಬುತ್ತಿದ್ದೆ. ಶುಕ್ರವಾರ ಸಂಜೆಯ ಹೊತ್ತಿಗೆ ಐವತ್ತಮೂರು ಮನೆ ಮುಗಿದಿದ್ದವು. ನಮ್ಮ ಮೇಲ್ವಿಚಾರಕರು, ಅವರೂ ಬೇರೆ ಶಾಲೆಯ ಹಿರಿಯ ಮೇಷ್ಟ್ರೇ, ತಮಿಳರು, ಚೀಟಿಗಳನ್ನು ತಿರುವಿ ನೋಡಿ, "ರೊಂಬ ನೀಟಾಗಿದೆ ಸಾರ್," ಎಂದು ಸಹಿ ಹಾಕಿಕೊಟ್ಟರು.

ಮಾರನೆಯ ದಿನ ಶನಿವಾರ. ಬೆಳಗಿನ ಹೊಸೂರು ಬಸ್ಸಿಗೆ ಅಪ್ಪ ಅಮ್ಮ ಬಂದಿಳಿದರು.

ಬರುವುದಾಗಿ ಕಾರ್ಡು ಹಾಕಿದ್ದರಂತೆ, ಅದು ಸೋಮವಾರ ನನ್ನ ಕೈಸೇರಿತು. ಅಪ್ಪ ಹೊಸೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಮ್ಮ ಡೆಂಕಣಿಕೋಟೆಯನ್ನು ಆವರೆಗೆ ನೋಡಿರಲಿಲ್ಲ. ನಾನು ಸಂಕ್ರಾಂತಿಗೂ ಊರಿಗೆ ಹೋಗಿರಲಿಲ್ಲ, ಅದಾದಮೇಲೂ ಹೋಗಿರಲಿಲ್ಲ. ಎರಡು ದಿನ ಮಗನ ಜೊತೆ ಇದ್ದು ಬರೋಣವೆಂದು ಹೊರಟಿದ್ದರು. ಒಂದು ಚೀಲದಲ್ಲಿ ಹುರಿಹಿಟ್ಟು, ಚಟ್ನಿಪುಡಿ, ಸುಲಿದ ಅವರೆಕಾಳು. ಬಾಗಿಲು ತೆಗೆದ ನನ್ನನ್ನು ಅಮ್ಮ ಮೇಲಿಂದ ಕೆಳಗೆ ನೋಡಿದಳು.

"ಏನ್ಲಾ ಇದು, ಕತ್ತಿನ ಮೂಳೆ ಕಾಣ್ತದೆ. ಉಣ್ತೀಯಾ ಇಲ್ವಾ?"

ನನಗೆ ಸಂತೋಷವಾಗಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂಬತ್ತಕ್ಕೆ ಹತ್ತನೆಯ ತರಗತಿಗೆ ವಿಶೇಷ ಪಾಠ, ಮಧ್ಯಾಹ್ನದ ಮೇಲೆ ಹಳ್ಳಿ. ಇವರನ್ನು ಎಲ್ಲಿ ಕೂರಿಸಲಿ, ಏನು ಮಾಡಲಿ ಎಂಬುದೇ ತಲೆಯಲ್ಲಿತ್ತು. ಸೀಮೆಣ್ಣೆ ಸ್ಟೌ ತೋರಿಸಿ, ನೀರಿನ ಜಾಗ ತೋರಿಸಿ, ಶಾಲೆಗೆ ಓಡಿದೆ. ಒಂದು ಗಂಟೆಗೆ ವಾಪಸು ಬಂದರೆ ಕೋಣೆ ಗುಡಿಸಿತ್ತು, ಹಿತಕಿದ ಬೇಳೆಯ ಸಾರಿನ ವಾಸನೆ ತುಂಬಿತ್ತು. ಅಮ್ಮ ಬಡಿಸಿದಳು. ನಾನು ಗಡಿಯಾರ ನೋಡುತ್ತ ಉಂಡೆ.

"ಎಲ್ಡು ಗಂಟೆ ಬಸ್ಸಿಗೆ ಹಳ್ಳಿಗೆ ಹೋಗ್ಬೇಕಮ್ಮ. ಸೈಕಲ್ ಪಂಚರ್ ಆಗಿದೆ. ಕತ್ತಲಾಗೋಷ್ಟರಲ್ಲಿ ಬತ್ತೀನಿ."

ಅಮ್ಮ ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದಳು. "ನಾಳೆ?"

"ನಾಳೆನೂ."

"ಸರ್ಕಾರಿ ಕೆಲಸ ಕಣೆ, ಹೋಗ್ಲಿ ಬಿಡು," ಎಂದರು ಅಪ್ಪ. ಅವರು ಗೋಡೆಗೊರಗಿ ಪೇಪರು ಓದುತ್ತಿದ್ದರು.

ಅಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ಹಂಗಾದ್ರೆ ನಾನೂ ಬತ್ತೀನಿ. ನಿನ್ನ ನೋಡೋಕೆ ಬಂದು ಈ ಗೋಡೆ ನೋಡ್ಕಂಡು ಕೂತ್ಕಳ್ಲಾ?"

ಅಪ್ಪ ಪೇಪರು ಮಡಿಸಿದರು. "ಗಣತಿ ಕಾಗದ ಮನೆಯವರಿಗೂ ತೋರಿಸ್ಬಾರ್ದು. ಕಾನೂನು ಅದು. ಹೋಗೋದಾದ್ರೆ ದೂರ ಕೂತ್ಕೋ, ಅವನು ಬರೆಯೋದ್ನ ನೋಡ್ಬೇಡ."

"ನಂಗೆ ಓದೋಕೆ ಬಂದ್ರಲ್ವಾ ನೋಡೋದು," ಎಂದಳು ಅಮ್ಮ.

ಬಸ್ಸು ಇಳಿದು ಒಂದು ಮೈಲಿ ನಡೆದೆವು. ದಾರಿಯಲ್ಲಿ ಒಣಗಿದ ಆನೆಲದ್ದಿ ನೋಡಿ ಅಮ್ಮ ಬಗ್ಗಿ ಪರೀಕ್ಷಿಸಿದಳು, ಹೆದರಲಿಲ್ಲ. ನಾವು ಅಂದು ಹೋದ ಮೊದಲ ಮನೆ ಊರ ಮುಂದಿನದು, ಇನ್ನೂ ಬರೆಯದ ಸಾಲಿನದು. ಅತ್ತೆ ಸೊಸೆ ಇಬ್ಬರೂ ಜಗಲಿಯ ಮೇಲೆ ಕೂತು ಕೊನೆಯ ಕೊಯ್ಲಿನ ಅವರೆಕಾಯಿ ಸುಲಿಯುತ್ತಿದ್ದರು. ನಾನು ಎಂದಿನಂತೆ ಅಂಗಳದಲ್ಲಿ ನಿಂತು ಹೆಸರು ಕೇಳತೊಡಗಿದೆ. ಅಮ್ಮ ಅಪ್ಪನ ಮಾತಿನಂತೆ ದೂರ ನಿಲ್ಲಲಿಲ್ಲ. ಜಗಲಿ ಹತ್ತಿ, ಕೇಳದೆಯೇ ಮೊರದ ಪಕ್ಕ ಕೂತು, ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯಲು ಶುರುಮಾಡಿದಳು.

"ಇವ್ರು ಯಾರು ಮೇಷ್ಟ್ರೆ?" ಎಂದರು ಅತ್ತೆ.

"ನಮ್ಮ ತಾಯಿ. ಹೊಸೂರಿಂದ ಬಂದವ್ರೆ."

"ಸೊನೆ ಚೆನ್ನಾಗೈತೆ ಈ ಕಾಯಿ," ಎಂದಳು ಅಮ್ಮ. "ನಮ್ಕಡೆ ಆಗ್ಲೇ ಮುಗ್ದೋಯ್ತು."

ಅವರು ಅವರೆಯ ಮಾತಾಡಿದರು, ಹೊಸೂರಿನಲ್ಲಿ ಎದ್ದಿರುವ ಫ್ಯಾಕ್ಟರಿಗಳ ಮಾತಾಡಿದರು, ಯಾರದೋ ಭಾವಮೈದುನ ಮೂಕಂಡಪಲ್ಲಿಯಲ್ಲಿ ಮನೆ ಹಿಡಿದಿರುವ ಸುದ್ದಿ ಮಾತಾಡಿದರು. ನನಗೆ ಒಳಗೊಳಗೇ ಚಡಪಡಿಕೆ. ಹೀಗಾದರೆ ಈ ಹೊತ್ತು ಮೂರು ಮನೆಯೂ ಮುಗಿಯುವುದಿಲ್ಲ. ನಡುವೆ ಬಾಯಿ ಹಾಕಿ ಸೊಸೆಯನ್ನು ಕೇಳಿದೆ, "ಮಕ್ಕಳು ಎಷ್ಟಮ್ಮ?"

"ಎಲ್ಡು," ಎಂದರು ಅತ್ತೆ. ಆಮೇಲೆ ಅಮ್ಮನ ಕಡೆ ತಿರುಗಿ, "ನಿಮ್ಗೆ ಎಷ್ಟು ಮಂದಿ ತಾಯಿ?" ಎಂದರು.

ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿದಳು. ಕಾಳುಗಳನ್ನು ಮೊರಕ್ಕೆ ಹಾಕಿದಳು.

"ಉಳ್ದಿರೋದು ಎಲ್ಡು. ಇವನು, ಇವನ ಅಕ್ಕ. ಹೆತ್ತಿದ್ದು ಐದು."

ನಾನು ತಲೆಯೆತ್ತಿದೆ. ಅಮ್ಮ ನನ್ನನ್ನು ನೋಡುತ್ತಿರಲಿಲ್ಲ. ಅವಳು ಹೇಳಿದ್ದು ಆ ಮುದುಕಿಗೆ. ಅದನ್ನು ಹೇಳುವಾಗ ಅವಳ ದನಿ ಒಂದಿಷ್ಟೂ ಏರುಪೇರಾಗಲಿಲ್ಲ.

"ನಂದು ಒಂಬತ್ತಕ್ಕೆ ನಾಲ್ಕು," ಎಂದರು ಅತ್ತೆ. "ಒಂದು ವರ್ಸ ಎಲ್ಡು ಹೋದ್ವು. ವಾಂತಿ ಭೇದಿ. ಕೋಟೆ ಆಸ್ಪತ್ರೆಗೆ ಎತ್ಕಂಡೋಗೋವಷ್ಟರಲ್ಲಿ ದಾರೀಲೇ ಒಂದು ಹೋಗ್ಬುಡ್ತು."

ಅಮ್ಮ "ಹ್ಞೂಂ" ಎಂದಳು. ಅಷ್ಟೇ. ಮೂವರೂ ಸುಲಿಯುತ್ತಲೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ಸೊಸೆ, ಮೊರವನ್ನೇ ನೋಡುತ್ತ, "ನಂಗೂ ಮೂರು. ಮೊದ್ಲಿಂದು ಹೆಣ್ಣು. ಏಳು ದಿನ ಇತ್ತು," ಎಂದಳು. ಅತ್ತೆ ಅವಳ ಮಾತನ್ನು ತಡೆಯಲಿಲ್ಲ.

ನಾನು ಚೀಟಿಯಲ್ಲಿ ಬರೆದೆ. ಒಂಬತ್ತು, ನಾಲ್ಕು. ಮೂರು, ಎರಡು. ಆ ವಾರದಲ್ಲಿ ಆ ಎರಡು ಕಲಮುಗಳಲ್ಲಿ ಬೇರೆ ಬೇರೆ ಅಂಕಿ ಬರೆದದ್ದು ಅದೇ ಮೊದಲು.

ಆ ಸಂಜೆ ಏಳು ಮನೆಗೆ ಹೋದೆವು. ಅಮ್ಮ ಪ್ರಶ್ನೆ ಕೇಳಲಿಲ್ಲ, ನಾನು ಬರೆಯುವುದನ್ನು ನೋಡಲೂ ಇಲ್ಲ. ಕೂರುತ್ತಿದ್ದಳು, ಕೈಗೆ ಸಿಕ್ಕಿದ ಕೆಲಸ ಮಾಡುತ್ತಿದ್ದಳು, ಅವರು ಕೇಳಿದರೆ ತನ್ನದನ್ನು ಹೇಳುತ್ತಿದ್ದಳು. ಏಳರಲ್ಲಿ ಐದು ಮನೆಗಳಲ್ಲಿ ಅಂಕಿಗಳು ಬೇರೆಯಾದವು. ಐದು ಮನೆಯಲ್ಲೂ ಅಮ್ಮನ "ಹೆತ್ತಿದ್ದು ಐದು" ಎಂಬ ಮಾತನ್ನು ನಾನು ಕೇಳಿಸಿಕೊಂಡೆ. ಪ್ರತಿ ಸಲವೂ ಅದು ನನಗೆ ಹೊಸದಾಗಿಯೇ ಕೇಳಿಸುತ್ತಿತ್ತು. ಅಕ್ಕನಿಗೂ ನನಗೂ ಒಂಬತ್ತು ವರ್ಷದ ಅಂತರ. ಅದೇಕೆ ಎಂದು ಒಂದು ದಿನವೂ ನನಗೆ ಅನಿಸಿರಲಿಲ್ಲ. ಗಣಿತದ ಮೇಷ್ಟ್ರು ನಾನು.

ಹೊತ್ತು ಇಳಿಯುತ್ತಿದ್ದಂತೆ ಊರಿನವರೊಬ್ಬರು ಬಸ್ಸಿನ ರಸ್ತೆಯವರೆಗೆ ನಮ್ಮ ಜೊತೆ ಬಂದು ಬಿಟ್ಟುಹೋದರು. ಬಸ್ಸಿಗೆ ಕಾಯುವಾಗ ಕೇಳಿದೆ.

"ಯಾವಾಗಮ್ಮ?"

"ಏನು ಯಾವಾಗ?"

"ಮೂರು ಮಕ್ಳು."

"ನೀನು ಹುಟ್ಟೋಕ್ಮುಂಚೆ," ಎಂದಳು. ತಿರುವಿನಲ್ಲಿ ಬಸ್ಸು ಕಾಣಿಸಿತು. "ಚೀಲ ಎತ್ಕೋ."

ಮುಂದೆ ಕೇಳುವ ಧೈರ್ಯ ನನಗಾಗಲಿಲ್ಲ. ಆದರೆ ಐವತ್ತಮೂರು ಮನೆಗಳ ಚೀಟಿ ನನ್ನ ಕೋಣೆಯ ಟ್ರಂಕಿನಲ್ಲಿದ್ದವು, ನೀಟಾಗಿ, ಸಹಿಯ ಸಮೇತ. ಅವುಗಳಲ್ಲಿ ನೂರಕ್ಕೂ ಹೆಚ್ಚು ಹೆಂಗಸರಿದ್ದರು. ಅವರೆಲ್ಲರೂ ಹೆತ್ತ ಮಕ್ಕಳೆಲ್ಲ ಬದುಕಿದ್ದಾರೆ ಎಂದು ನಾನು ಬರೆದಿದ್ದೆ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಅಪ್ಪನಿಗೆ ಹೇಳಿದೆ. ಯಾರ ಮನೆ, ಯಾವ ಅಂಕಿ ಎಂಬುದನ್ನೇನೂ ಹೇಳಲಿಲ್ಲ. ಕೇಳದೆಯೇ ಬರೆದಿದ್ದೇನೆ ಎಂದಷ್ಟೇ ಹೇಳಿದೆ. ಅವರು ಮೂವತ್ತು ವರ್ಷ ಕಾಗದದ ನಡುವೆ ಬದುಕಿದವರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟರು.

"ಮೇಲಿನೋರು ಸಹಿ ಹಾಕವ್ರಾ?"

"ಹಾಕವ್ರೆ."

"ಹಂಗಾದ್ರೆ ನೀನಾಗಿ ನೀನೇ ತಿದ್ದಂಗಿಲ್ಲ. ಸಹಿ ಆದ್ಮೇಲೆ ತಿದ್ದಿದ್ರೆ ಅದು ಇನ್ನೊಂದು ತಪ್ಪು. ಮೊದ್ಲು ಅವ್ರಿಗೆ ಹೇಳು."

"ಹೇಳಿದ್ರೆ ಬೇಡ ಅಂತಾರೆ."

"ಬೇಡ ಅಂದ್ರೆ ಏನು ಮಾಡ್ತೀಯಾ?"

ಬೇಡ ಎಂದರೆ ಒಳ್ಳೆಯದೇ ಆಯಿತು ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಐವತ್ತಮೂರು ಮನೆಗೆ ಮತ್ತೆ ಹೋಗುವುದೆಂದರೆ ಹತ್ತನೆಯ ತರಗತಿಯವರ ವಿಶೇಷ ಪಾಠ ಕೈಬಿಟ್ಟಂತೆಯೇ. ಆ ವರ್ಷ ಅವರಿಗೆ ಕನ್ನಡದ ಗಣಿತಪುಸ್ತಕ ತಡವಾಗಿ ಬಂದಿತ್ತು, ಎರಡು ಅಧ್ಯಾಯ ಇನ್ನೂ ಉಳಿದಿದ್ದವು. ಅಮ್ಮ ಸ್ಟೌ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ನಾನು ಅಂಗಿ ಹಾಕಿಕೊಂಡೆ.

ಮೇಲ್ವಿಚಾರಕರ ಮನೆ ಎರಡು ಬೀದಿ ಆಚೆ. ಅವರು ಎಣ್ಣೆ ಸ್ನಾನಕ್ಕೆ ಕೂತಿದ್ದರು, ಟವೆಲು ಸುತ್ತಿಕೊಂಡೇ ಹೊರಗೆ ಬಂದರು. ನನ್ನ ಜೊತೆ ತಮಿಳು ಕನ್ನಡ ಎರಡನ್ನೂ ಬೆರೆಸಿ ಮಾತಾಡುತ್ತಿದ್ದರು. ಎಲ್ಲವನ್ನೂ ಹೇಳಿದೆ.

"ಅದೆಲ್ಲಾ ವೇಂಡಾ ಸಾರ್," ಎಂದರು. "ನಿಮ್ಮದೊಂದು ಊರಿನಿಂದ ಡೆಲ್ಲಿ ಲೆಕ್ಕ ಬದಲಾಗುತ್ತಾ? ಪರೀಕ್ಷೆ ಬೇರೆ ಬಂತು. ವಿಟ್ಟುಡುಂಗ, ಬಿಟ್ಟುಬಿಡಿ."

"ನಾನು ಕೇಳ್ಲೇ ಇಲ್ಲ ಸಾರ್. ಕೇಳಿ, ಅವರು ಸುಳ್ಳು ಹೇಳಿದ್ರೆ ಅದು ಬೇರೆ. ನಾನೇ ಬರೆದುಬಿಟ್ಟೆ."

ಅವರು ಕಿವಿಯ ಹಿಂದಿನ ಎಣ್ಣೆ ಒರೆಸಿಕೊಂಡರು. ಅವರಿಗೆ ಸಿಟ್ಟು ಬಂದದ್ದು ನಿಜ. ನನ್ನ ತಪ್ಪಿಗಿಂತ, ಅದನ್ನು ಹೇಳಲು ಬಂದದ್ದಕ್ಕೆ. ಹೇಳದೇ ಇದ್ದಿದ್ದರೆ ಇಬ್ಬರಿಗೂ ನೆಮ್ಮದಿ. ಕೊನೆಗೆ ಮೂರು ಷರತ್ತು ಹಾಕಿದರು. ಚೀಟಿ ಹರಿಯುವಂತಿಲ್ಲ, ಹೊಸ ಚೀಟಿ ಕೇಳುವಂತಿಲ್ಲ. ತಪ್ಪು ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಬರೆದು, ಕಿರುಸಹಿ ಹಾಕಬೇಕು. ತಿಂಗಳ ಕೊನೆಯ ದಿನಕ್ಕೆ ಎಲ್ಲ ಮುಗಿಯಬೇಕು, ಒಂದು ದಿನವೂ ಹೆಚ್ಚು ಸಿಗುವುದಿಲ್ಲ.

"ನಾಳೆ ಯಾರಾದ್ರೂ ಯಾಕೆ ಇಷ್ಟು ಗೀಚಿದೀರಿ ಅಂತ ಕೇಳಿದ್ರೆ ನೀವೇ ಉತ್ತರ ಹೇಳ್ಬೇಕು."

ಒಪ್ಪಿಕೊಂಡು ಬಂದೆ.

ಅಮ್ಮನಿಗೆ ಹೇಳಿದಾಗ, "ನಾನು ಒಂದು ವಾರ ಇರ್ಲಾ?" ಎಂದಳು. ನನಗೆ ಆಸೆಯಾಯಿತು. ಅವಳಿದ್ದರೆ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತಿತ್ತು. ಅಪ್ಪನ ಮುಖ ನೋಡಿದೆ. ಆದರೆ ನಿನ್ನೆ ನಡೆದದ್ದೂ ಸರಿಯಲ್ಲ ಎಂಬುದು ನನಗೇ ಗೊತ್ತಿತ್ತು. ಗುಟ್ಟಾಗಿರಬೇಕಾದ ಕಾಗದ ಅದು. ಆ ಹೆಂಗಸರು ಅಮ್ಮನಿಗೆ ಹೇಳಿದ್ದನ್ನು ನಾನು ಪಕ್ಕದಲ್ಲಿ ನಿಂತು ಬರೆದುಕೊಂಡಿದ್ದೆ. ನನಗೇ ಹೇಳುವ ಹಾಗೆ ನಾನು ಕೇಳಬೇಕು.

"ಬೇಡಮ್ಮ. ನಾನೇ ಹೋಗ್ತೀನಿ. ಹೆಂಗೆ ಕೇಳೋದು ಅದನ್ನ ಹೇಳ್ಕೊಡು."

ಅವಳು ಸ್ಟೌ ಆರಿಸಿ ನನ್ನ ಕಡೆ ತಿರುಗಿದಳು. ಯಾರೂ ಅವಳನ್ನು ಏನನ್ನೂ ಕಲಿಸಿಕೊಡು ಎಂದು ಕೇಳಿದವರಲ್ಲ.

"ನಿಂತ್ಕಂಡು ಕೇಳ್ಬ್ಯಾಡ," ಎಂದಳು. "ನಿಂತೋನು ಹೊರಡೋಕೆ ನಿಂತಿರ್ತಾನೆ, ಅವ್ನಿಗ್ಯಾಕೆ ಹೇಳ್ತಾರೆ? ಕೂತ್ಕೋ. ನೀರು ಕೊಟ್ರೆ ಕುಡಿ. ಎಷ್ಟು ಹುಟ್ಟಿದ್ವು, ಎಷ್ಟು ಉಳಿದ್ವು ಅಂತ ಒಂದೇ ಸಲ ಕೇಳ್ಬ್ಯಾಡ. ಇರೋರ ಹೆಸ್ರು ಕೇಳು, ವಯಸ್ಸು ಕೇಳು. ಒಂದಕ್ಕೂ ಇನ್ನೊಂದಕ್ಕೂ ನಾಲ್ಕೈದು ವರ್ಸ ಸಂದು ಬಂದ್ರೆ, ಇವ್ನ ಹಿಂದೆ ಇನ್ನೊಂದು ಇತ್ತಾ ಅಂತ ಕೇಳು. ಕೇಳ್ಬುಟ್ಟು ಸುಮ್ಕಿರು."

"ಎಷ್ಟೊತ್ತು?"

"ಅವ್ರು ಹೇಳೋವರ್ಗೂ."

"ಹೇಳ್ದಿದ್ರೆ?"

"ಹೇಳ್ದಿದ್ರೆ ಬಿಟ್ಬುಡು. ಎಲ್ಲಾರೂ ಹೇಳ್ಬೇಕು ಅಂತ ಏನೈತೆ?"

ಆ ದಿನ ಮಧ್ಯಾಹ್ನ ನಾನು ಹಳ್ಳಿಗೆ ಹೋಗಲಿಲ್ಲ. ಮೂವರೂ ಬೆಟ್ಟದ ಕಡೆ ನಡೆದುಕೊಂಡು ಹೋಗಿ ಬಂದೆವು. ಕೆಲಸ ಎರಡರಷ್ಟಾಗಿತ್ತು, ಆದರೂ ಆ ಅರ್ಧ ದಿನವನ್ನು ನಾನು ಅವರಿಗೆಂದೇ ಇಟ್ಟೆ. ಅಮ್ಮ ದಾರಿಯುದ್ದಕ್ಕೂ ಶಾಲೆಯ ಮಾತು ಕೇಳಿದಳು. ಸಂಜೆಯ ಬಸ್ಸಿನಲ್ಲಿ ಅವರನ್ನು ಕೂರಿಸಿದಾಗ, ಅಪ್ಪ ಕಿಟಕಿಯಿಂದ, "ಒಂದೇ ಗೆರೆ. ಹಳೇ ಅಂಕಿ ಕೆಳಗಡೆ ಕಾಣ್ತಾ ಇರ್ಬೇಕು," ಎಂದು ನೆನಪಿಸಿದರು.

ಸೋಮವಾರದಿಂದ ಹತ್ತನೆಯ ತರಗತಿಯ ವಿಶೇಷ ಪಾಠವನ್ನು ಬೆಳಗಿನ ಏಳಕ್ಕೆ ತಂದೆ. ಮಧ್ಯಾಹ್ನದ ಮೇಲೆ ಹಳ್ಳಿ. ಮೊದಲು ಹೊಸ ಮನೆಗಳು, ಆಮೇಲೆ ಹಳೆಯ ಮನೆಗಳು. ಮತ್ತೆ ಯಾಕೆ ಬಂದಿರಿ ಎಂದು ಕೇಳಿದವರಿಗೆಲ್ಲ, "ಹೋದ ಸಲ ನಾನು ಸರಿಯಾಗಿ ಕೇಳಲಿಲ್ಲ," ಎಂದೆ. ಮೇಷ್ಟ್ರು ಹಾಗೆ ಹೇಳಿದ್ದು ಅವರಿಗೆ ತಮಾಷೆಯಾಗಿ ಕಂಡಿರಬೇಕು. ಕೆಲವರು ನಕ್ಕು ಮಣೆ ಹಾಕಿದರು.

ಅಮ್ಮ ಹೇಳಿದ್ದರಲ್ಲಿ ನನಗೆ ಕಷ್ಟವಾದದ್ದು ಸುಮ್ಮನಿರುವುದು. ಒಂದು ಹನ್ನೆರಡು ವರ್ಷದ ಮಗ, ಆಮೇಲೆ ಏಳು ವರ್ಷದ ಮಗಳು. ನಡುವೆ ಇನ್ನೊಂದು ಇತ್ತಾ ಎಂದು ಕೇಳಿ, ಚೀಟಿ ನೋಡದೆ, ಪೆನ್ನು ಆಡಿಸದೆ ಕೂರಬೇಕು. ಬಾಯಿಗೆ ಬರುವ ಮಾತನ್ನು ನುಂಗಬೇಕು. ತರಗತಿಯಲ್ಲಿ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಬರದಿದ್ದರೆ ನಾನೇ ಹೇಳಿಬಿಡುವವನು. ಇಲ್ಲಿ ಒಂದೊಂದು ಉತ್ತರಕ್ಕೆ ಒಂದು ಮಡಕೆ ನೀರು ಕಾಯುವಷ್ಟು ಹೊತ್ತು ಹಿಡಿಯುತ್ತಿತ್ತು. ಕೆಲವರು ಸಂದಿಗೆ ಬೇರೆ ಕಾರಣ ಹೇಳಿದರು. ಗಂಡ ಊರು ಬಿಟ್ಟು ಹೋಗಿದ್ದ, ತವರಿನಲ್ಲಿದ್ದೆ. ಅದೂ ನಿಜವೇ. ಆದರೆ ಹೆಚ್ಚಿನವರು ಹೇಳಿದರು. ಕೆಲವರು ವರ್ಷವನ್ನು ನೆನಪಿಟ್ಟಿರಲಿಲ್ಲ, ಬೆಳೆಯನ್ನು ನೆನಪಿಟ್ಟಿದ್ದರು. ಹುರುಳಿ ಕೀಳುವಾಗ ಹೋಯಿತು ಎನ್ನುತ್ತಿದ್ದರು.

ಆಪರೇಷನ್ನಿಗಾ ಎಂದು ಕೇಳಿದ್ದ ಹೆಂಗಸಿನ ಮನೆಗೂ ಹೋದೆ. ಜಗಲಿಯ ತುದಿಯಲ್ಲಿ ಕೂತೆ.

"ಅದನ್ನೆಲ್ಲಾ ಬರ್ಕಂಡ್ರೆ ಸರ್ಕಾರ ಏನು ಕೊಡ್ತದೆ?" ಎಂದಳು.

"ಏನೂ ಕೊಡಲ್ಲ."

"ಏನು ಕಿತ್ಕಂತದೆ?"

"ಏನೂ ಕಿತ್ಕಳಲ್ಲ. ಎಣಿಸ್ತದೆ, ಅಷ್ಟೇ."

ಅವಳು ಬಾಗಿಲಿನ ಚೌಕಟ್ಟಿಗೆ ಒರಗಿ ನನ್ನನ್ನು ನೋಡಿದಳು. ಆಮೇಲೆ ಕೂತಳು. "ಆರು," ಎಂದಳು. "ಹೋಗಿದ್ದು ಮೂರು. ಅದ್ರಲ್ಲಿ ಅವಳಿಜವಳಿ ಒಂದ್ಸಲ. ಎಲ್ಡೂ ಅತ್ತಿದ್ವು. ಹುಟ್ಟಿದ್ ತಕ್ಷಣ ಅತ್ರೆ ಲೆಕ್ಕಕ್ಕೆ ಬತ್ತದಾ?"

"ಬರ್ತದೆ," ಎಂದೆ.

"ಹಂಗಾದ್ರೆ ಆರು."

ಎಲ್ಲ ಕಡೆ ಹೀಗಾಗಲಿಲ್ಲ. ಮೇಲಿನ ಬೀದಿಯ ಒಂದು ಮನೆಯಲ್ಲಿ, ನಾನು ಕೇಳಿ ಸುಮ್ಮನಾಗುತ್ತಿದ್ದಂತೆ ಆ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿ ಅಳಲು ಶುರುಮಾಡಿದಳು. ಒಳಗೆ ಮಲಗಿದ್ದ ಗಂಡ ಎದ್ದು ಬಂದ. "ಏನ್ ಕೇಳ್ದೆ ನೀನು? ಯಾವ ಸರ್ಕಾರ ಇದನ್ನ ಕೇಳು ಅಂತ ಹೇಳ್ತದೆ? ನಡಿ ಆಚೆಗೆ." ನಾನು ಎದ್ದು ಬಂದೆ. ಅವರ ಮಗು ಹೋಗಿ ನಲವತ್ತು ದಿನವೂ ಆಗಿರಲಿಲ್ಲವೆಂದು ಪಕ್ಕದ ಮನೆಯವರು ಹೇಳಿದರು. ಆ ಚೀಟಿಯನ್ನು ತಿದ್ದಲಿಲ್ಲ. ಪಕ್ಕದ ಮನೆಯವರು ಹೇಳಿದ್ದನ್ನು ಬರೆಯುವ ಮನಸ್ಸಾಗಲಿಲ್ಲ. ಮೊದಲ ಸಲ ನಾನೇ ತುಂಬಿದ ಸುಳ್ಳು ಅಂಕಿ ಅಲ್ಲಿ ಹಾಗೆಯೇ ಉಳಿಯಿತು. ಅಲ್ಲಿ ಯಾವುದು ಸರಿಯಿತ್ತೆಂದು ನನಗೆ ಈಗಲೂ ತಿಳಿಯದು.

ಕೊನೆಯ ದಿನ ಮಧ್ಯಾಹ್ನ ನೂರಹತ್ತು ಚಿಲ್ಲರೆ ಮನೆಗಳೂ ಮುಗಿದವು. ಇಡೀ ಊರಿನ ಒಟ್ಟು ಲೆಕ್ಕ ತೆಗೆದು ಮೇಲ್ವಿಚಾರಕರಿಗೆ ಒಪ್ಪಿಸಿದೆ. ಗೆರೆ, ಕಿರುಸಹಿ, ಗೆರೆ, ಕಿರುಸಹಿ. ನೋಡಲು ಕೆಟ್ಟದಾಗಿತ್ತು. ಅವರು ಒಂದೊಂದನ್ನೂ ತಿರುವಿ ನೋಡಿದರು, ತಮ್ಮ ಕಿರುಸಹಿಯನ್ನೂ ಪಕ್ಕದಲ್ಲಿ ಹಾಕುತ್ತ ಹೋದರು. ಅರ್ಧ ಮುಗಿದಾಗ ಪೆನ್ನು ಕೆಳಗಿಟ್ಟು, ತಮ್ಮ ಕೈಕೆಳಗಿನ ಬೇರೆ ಉದ್ದ ಚೀಟಿಯ ಊರಿನ ಕಟ್ಟನ್ನು ಎಳೆದುಕೊಂಡರು. ನಾಲ್ಕೈದು ಚೀಟಿ ತೆಗೆದು ನೋಡಿದರು.

"ಪಾರುಂಗ, ನೋಡಿ," ಎಂದರು. "ಈ ಊರಿನಲ್ಲಿ ಮಕ್ಕಳು ಸಾಯೋದೇ ಇಲ್ಲ."

ನಗಲಿಲ್ಲ. ನನ್ನ ಕಟ್ಟನ್ನು ದಾರದಿಂದ ಬಿಗಿದು ಕಟ್ಟಿ, ಮೇಲೆ ಊರಿನ ಹೆಸರು ಬರೆದರು. ತಾಲೂಕು ಕಚೇರಿಯಲ್ಲಿ ಗುಮಾಸ್ತರು ಗೀಚು ನೋಡಿ ಗೊಣಗಿದಾಗ, ಉತ್ತರವನ್ನು ನನಗೆ ಬಿಡದೆ ಅವರೇ ಹೇಳಿದರಂತೆ.

ಹತ್ತನೆಯ ತರಗತಿಯ ಒಂದು ಅಧ್ಯಾಯವನ್ನು ಮಾತ್ರ ನಾನು ಓಟದಲ್ಲಿ ಮುಗಿಸಿದೆ. ಪರೀಕ್ಷೆಯಲ್ಲಿ ಅದರಿಂದ ಬಂದ ದೊಡ್ಡ ಲೆಕ್ಕವನ್ನು ಹೆಚ್ಚಿನವರು ಮುಟ್ಟಲಿಲ್ಲ. ಅದು ನನ್ನಿಂದಾದ ನಷ್ಟ.

ಪರೀಕ್ಷೆ ಮುಗಿದ ವಾರ ಹೊಸೂರಿಗೆ ಹೋದೆ. ನಮ್ಮ ಬೀದಿಗೆ ಬಂದ ಗಣತಿಯವರು ಏನೇನು ಕೇಳಿದರು ಎಂದು ಅಪ್ಪನನ್ನು ವಿಚಾರಿಸಿದೆ. ಹೆಸರು, ವಯಸ್ಸು, ಓದು, ಕೆಲಸ. ನಮ್ಮ ಬೀದಿಗೆ ಬಂದದ್ದು ಗಿಡ್ಡ ಚೀಟಿ. ಅಮ್ಮನನ್ನು ಆ ಎರಡು ಪ್ರಶ್ನೆ ಯಾರೂ ಕೇಳಿರಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ದಂಟಿನಸೊಪ್ಪು ಬಿಡಿಸುತ್ತಿದ್ದಳು. ಹೋಗಿ ಎದುರಿಗೆ ಕೂತೆ. ಅಪ್ಪ ಆಚೆ ನಡುಮನೆಯಲ್ಲಿ ಪೇಪರು ಓದುತ್ತಿದ್ದರು.

"ಅಕ್ಕನಿಗಿಂತ ಮುಂಚೆ ಯಾರಾದ್ರೂ ಇದ್ರಾ ಅಮ್ಮ?" ಎಂದು ಕೇಳಿ ಸುಮ್ಮನಾದೆ.

ಅವಳು ಎರಡು ಮೂರು ದಂಟು ಮುರಿದಳು. ನಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಅರ್ಥವಾಗಿತ್ತು.

"ಒಂದು ಹೆಣ್ಣು. ಹೆಸ್ರಿಕ್ಕಿರ್ನಿಲ್ಲ," ಎಂದಳು. "ಆಮೇಲೆ ನಿಮ್ಮಕ್ಕ. ಅವಳ ಹಿಂದೆ ಗಂಡು. ಸೀನ ಅಂತಿದ್ವಿ. ಹನ್ನೊಂದು ತಿಂಗ್ಳು. ಗೋಡೆ ಹಿಡ್ಕಂಡು ನಿಲ್ಲೋನು. ಅವ್ನ ಹಿಂದೆ ಸರೋಜ. ಅವ್ಳು ಮಾತಾಡೋಳು. ಎಲ್ಲಾ ಮಾತಾಡೋಳು. ಮೈ ತುಂಬಾ ಅಮ್ಮ ಎದ್ದಿದ್ರು ಅವ್ಳಿಗೆ, ಸಿಡುಬು. ಹತ್ತು ದಿನ ಮಲಗಿದ್ಲು, ಒಂದು ಶುಕ್ರವಾರ ಬೆಳಿಗ್ಗೆ..."

"ಶುಕ್ರವಾರ ಅಲ್ಲ," ಎಂದರು ಅಪ್ಪ.

ಇಬ್ಬರೂ ತಿರುಗಿ ನೋಡಿದೆವು. ಅವರು ಪೇಪರಿನಿಂದ ಮುಖ ತೆಗೆದಿರಲಿಲ್ಲ. ಆದರೆ ಓದುತ್ತಿರಲಿಲ್ಲ.

"ಗುರುವಾರ," ಎಂದರು. "ನೀನು ನಿದ್ದೆ ಹೋಗಿದ್ದೆ. ಅವಳು ನನ್ನ ತೊಡೆ ಮೇಲಿದ್ಲು. ಬೆಳಗಾಗ್ಲಿ ಅಂತ ನಾನು ನಿನ್ನ ಎಬ್ಬಿಸ್ಲಿಲ್ಲ."

ಅಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ಆಮೇಲೆ ಅವಳು ಮೆಲ್ಲಗೆ, "ಗುರುವಾರ," ಎಂದಳು.